ಎರಿಯಿಂದ ಮಸಾರಿಗೆ, ಹೊಲದಿಂದ ಅಡವಿಗೆ: ಧಾರವಾಡ ಸೀಮೆಯಲ್ಲಿ ಬೆಳಗಿನ ನಡಿಗೆಗೊಂದು ಸಮಗ್ರ ಮಾರ್ಗದರ್ಶಿ

ಧಾರವಾಡದ ಮಂದಿಗೆ ಅಡವಿ ನೋಡುವ ಮನಸ್ಸಾದರೆ ಕಾರು ಹತ್ತಿ ದಾಂಡೇಲಿಗೆ ಹೋಗುತ್ತಾರೆ. ಹಾದಿಯಲ್ಲಿ ಹಳಿಯಾಳ ಬರುವ ಮೊದಲೇ ಎಡಬಲಕ್ಕೆ ಮತ್ತಿ, ದಿಂಡಿಗ, ತೇಗದ ಅಡವಿ ಹಿಂದೆ ಸರಿದು ಹೋಗಿರುತ್ತದೆ. ಅಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಾನು ಬರೆಯುತ್ತಿರುವುದು ಹಾಗೆ ನಿಲ್ಲಿಸದೆ ಹೋಗುವ ಜಾಗದ ಬಗ್ಗೆ. ಊರ ಪಡುವಣ ಅಂಚಿನಲ್ಲಿ ನನ್ನ ಮನೆ. ಹಲವು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆಯಾದರೂ ಆ ಕಡೆ ನಡೆದು ಬರುತ್ತೇನೆ. ಟಿಕೆಟ್ಟು, ರೆಸಾರ್ಟು ಯಾವುದೂ ಬೇಕಿಲ್ಲ. ಆದರೆ ಹೇಗೆ ನಡೆಯಬೇಕು, ಎಲ್ಲಿ ಕಾಲಿಡಬಾರದು, ಏನನ್ನು ನೋಡಬೇಕು ಎಂಬುದನ್ನು ಕಲಿಯಲೇಬೇಕು. ನಾನು ಕಲಿತದ್ದನ್ನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಹೆಜ್ಜೆ 1: ಮಣ್ಣು ನೋಡಿ ದಿಕ್ಕು ಆರಿಸಿ

ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗಿನ ಮೇಲೆ ಧಾರವಾಡ ಕೂತಿದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಣ್ಣು ಹಾಯುವವರೆಗೂ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಬಿಳಿಜೋಳ, ಕಡ್ಲಿ, ಗೋಧಿ, ಹತ್ತಿ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಹೊರಳಿದರೆ ಮಣ್ಣು ಕೆಂಪಾಗಿ ಮಸಾರಿಯಾಗುತ್ತದೆ, ಮಳೆ ಹೆಚ್ಚುತ್ತದೆ, ಜೋಳದ ಜಾಗಕ್ಕೆ ಭತ್ತ ಬರುತ್ತದೆ, ಬದುವಿನ ಮೇಲೆ ಜಾಲಿ ಕಡಿಮೆಯಾಗಿ ಮಾವು, ಮತ್ತಿ ಕಾಣುತ್ತವೆ. ಇಷ್ಟೆಲ್ಲ ಬದಲಾವಣೆ ಒಂದು ಬಸ್ಸಿನ ದಾರಿಯೊಳಗೇ ಆಗಿಬಿಡುತ್ತದೆ.

ನೀರಿನ ಹರಿವೂ ಇಲ್ಲಿಯೇ ಒಡೆಯುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಸೇರಿ, ಮುಂದೆ ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಹೊಲಗಳ ನೀರು ಬೆಣ್ಣಿಹಳ್ಳಕ್ಕೆ ಇಳಿದು ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಯ ದಾರಿ ನೋಡುತ್ತದೆ. ನೀವು ನಡೆಯುವ ಹಳ್ಳ ಯಾವ ಕಡೆಯದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿ ಏನು ಬೆಳೆದಿದೆ, ಯಾಕೆ ಬೆಳೆದಿದೆ ಎಂಬುದರ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಹೊಲ ಮತ್ತು ಅಡವಿ ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಬೇಕಾದರೆ ಪಶ್ಚಿಮವೇ ಸರಿ. ಧಾರವಾಡದವರು ಕೆಲಗೇರಿ ದಾಟಿ ಮುಗದ, ಮಂಡಿಹಾಳ, ಹಳ್ಳಿಗೇರಿ, ಕಂಬಾರಗಣವಿ ಕಡೆ ಹುಡುಕಬಹುದು. ಹುಬ್ಬಳ್ಳಿಯವರಿಗೆ ಕಲಘಟಗಿ ರಸ್ತೆ ಹತ್ತಿರ. ದೇವಿಕೊಪ್ಪದ ಕಡೆ ಅಡವಿ ಇನ್ನೂ ಅಡವಿಯ ಹಾಗೆಯೇ ಇದೆ.

ಇನ್ನೊಂದು ಉಪಾಯ. ಬೆಳಿಗ್ಗೆ ಊರ ಕಡೆಯಿಂದ ಪಶ್ಚಿಮಕ್ಕೆ ನಡೆಯಿರಿ, ಬರುವಾಗ ಬಸ್ ಹಿಡಿಯಿರಿ. ಬಿಸಿಲು ಬೆನ್ನಿಗಿರುತ್ತದೆ, ಬೆಳಕು ಎದುರಿನ ಮರದ ಮೇಲೆ ಬೀಳುತ್ತದೆ, ಹಕ್ಕಿಯ ಬಣ್ಣ ಕಾಣುತ್ತದೆ. ಬಸ್ಸಿನಲ್ಲಿ ಹೋಗಿ ನಡೆದು ವಾಪಸ್ಸಾದರೆ ಕಣ್ಣಿಗೆ ಬಿಸಿಲು ಹೊಡೆದು ಎಲ್ಲವೂ ಕಪ್ಪು ನೆರಳಾಗಿ ಕಾಣುತ್ತದೆ.

ಹೆಜ್ಜೆ 2: ದಾರಿ ಯಾರದ್ದು ಎಂದು ತಿಳಿದುಕೊಳ್ಳಿ

ಫೋನಿನ ನಕ್ಷೆಯಲ್ಲಿ ಕಾಣುವ ಪ್ರತಿ ಗೆರೆಯೂ ನಡೆಯುವ ದಾರಿಯಲ್ಲ. ಸರ್ವೆ ಇಲಾಖೆಯ ಜಾಲತಾಣದಲ್ಲಿ ಪ್ರತಿ ಊರಿನ ನಕಾಶೆ ಸಿಗುತ್ತದೆ. ಅದರಲ್ಲಿ ಬಂಡಿ ದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲಕ್ಕೂ ಗುರುತುಗಳಿವೆ. ಚಿಹ್ನೆಗಳ ಪಟ್ಟಿಯನ್ನು ಒಮ್ಮೆ ಸಾವಕಾಶವಾಗಿ ಓದಿಕೊಳ್ಳಿ. ನಕಾಶೆಯಲ್ಲಿರುವ ಬಂಡಿ ದಾರಿ ಊರವರು ತಲೆಮಾರುಗಳಿಂದ ನಡೆದ ದಾರಿ; ಅದರ ಮೇಲೆ ಸಂಕೋಚವಿಲ್ಲದೆ ಹೋಗಬಹುದು. ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಗೊತ್ತಾಗುತ್ತದೆ. ಹಳೆಯ ಬಂಡಿ ದಾರಿಗಳು ಎಷ್ಟೋ ಕಡೆ ಒತ್ತುವರಿಯಾಗಿವೆ. ನಕಾಶೆಯಲ್ಲಿದ್ದು ನೆಲದ ಮೇಲೆ ಇಲ್ಲದಿದ್ದರೆ ವಾದಕ್ಕೆ ನಿಲ್ಲದೆ ಸುತ್ತಿ ಹೋಗಿ.

ಅಡವಿಯದು ಬೇರೆ ಲೆಕ್ಕ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಅಂಚಿನ ಸಾರ್ವಜನಿಕ ದಾರಿಯಲ್ಲಿ ನಡೆದರೆ ಸಾಕಾಗುತ್ತದೆ. ಒಳಗೇ ಹೋಗಬೇಕೆಂದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲು ಕೇಳಿ. ನನ್ನ ಅನುಭವದಲ್ಲಿ ಅಂಚೇ ಹೆಚ್ಚು ಸಮೃದ್ಧ. ಹೊಲದ ಹಕ್ಕಿಯೂ ಅಡವಿಯ ಹಕ್ಕಿಯೂ ಕೂಡುವುದು ಅಲ್ಲೇ.

ಹೆಜ್ಜೆ 3: ಕಾಲ ನೋಡಿ ಹೊರಡಿ

ಮಳೆಯಾದ ಮರುದಿನ ಎರಿ ಹೊಲದ ದಾರಿಗೆ ಹೋಗಲೇಬೇಡಿ. ಎರಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಇದ್ದಾಗ ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು, ನೂರು ಮಾರು ನಡೆಯುವಷ್ಟರಲ್ಲಿ ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ನಿಮ್ಮ ಹೆಜ್ಜೆಗೆ ದಾರಿಯೂ ಕೆಡುತ್ತದೆ. ಬಂಡಿ, ಟ್ರ್ಯಾಕ್ಟರ್ ಹೊಡೆಯುವವರಿಗೆ ತ್ರಾಸಾಗುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗಿ. ಮಸಾರಿಯಲ್ಲಿ ಈ ತೊಂದರೆ ಇಲ್ಲ, ಬೆಳಿಗ್ಗೆ ಮಳೆ ನಿಂತರೆ ಸಂಜೆಗೆ ನಡೆಯಬಹುದು.

ರೋಹಿಣಿ ಮಳೆ ಬಿದ್ದ ಮೇಲೆ, ಮೇ ಕೊನೆಯ ಹೊತ್ತಿಗೆ, ಕಲಘಟಗಿ ಸೀಮೆಯಲ್ಲಿ ಕೂರಿಗೆ ಭತ್ತ ಬಿತ್ತುವುದನ್ನು ಒಮ್ಮೆ ನೋಡಲೇಬೇಕು. ಸಸಿ ಮಾಡಿ ನಾಟಿ ಹಚ್ಚುವುದಲ್ಲ. ಒಣ ನೆಲಕ್ಕೆ ಜೋಳ ಬಿತ್ತಿದ ಹಾಗೆ ಸಾಲು ಹಿಡಿದು ಭತ್ತ ಬಿತ್ತುತ್ತಾರೆ, ಮುಂದೆ ಮಳೆ ಬಂದು ಗದ್ದೆ ತುಂಬುತ್ತದೆ. ಬಯಲುಸೀಮೆಯ ಕೂರಿಗೆ ಮತ್ತು ಮಲೆನಾಡಿನ ಬೆಳೆ ಒಂದೇ ಹೊಲದಲ್ಲಿ ಕೂಡಿದ್ದನ್ನು ಕಂಡಾಗ ಈ ಸೀಮೆ ಎಂಥದ್ದೆಂದು ತಿಳಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹುಲ್ಲು ಎದೆಯುದ್ದ ಬೆಳೆದು ದಾರಿ ಮುಚ್ಚುತ್ತದೆ; ಆಗ ಅಡವಿಯ ಅಂಚು ಬಿಟ್ಟು ಕೆರೆಯ ಏರಿಗಳ ಮೇಲೆ ನಡೆಯುತ್ತೇನೆ. ಶೀಗಿ ಹುಣ್ಣಿಮೆಯಿಂದ (ಅಕ್ಟೋಬರ್ ಹೊತ್ತಿಗೆ) ಎಳ್ಳ ಅಮವಾಸ್ಯೆಯವರೆಗಿನ (ಡಿಸೆಂಬರ್, ಜನವರಿ) ಕಾಲ ಹೊಲಕ್ಕೆ ಅತಿ ಒಳ್ಳೆಯದು. ಅಡವಿಗೆ ಫೆಬ್ರವರಿ, ಮಾರ್ಚ್: ಎಲೆ ಉದುರಿ ಮರಗಳ ಮೈಕಟ್ಟು ಕಾಣುತ್ತದೆ, ಮುತ್ತಲ ಗಿಡ ಎಲೆಯಿಲ್ಲದ ಕೊಂಬೆಯ ತುಂಬ ಕೆಂಡದಂಥ ಹೂ ಬಿಟ್ಟಿರುತ್ತದೆ. ಮೇ ತಿಂಗಳಲ್ಲಿ ಕವಳಿ ಹಣ್ಣು, ಕಕ್ಕೆಯ ಹಳದಿ ಹೂಗೊಂಚಲು.

ಹೊತ್ತಿನ ವಿಷಯ ಇಷ್ಟೇ. ಜನವರಿಯಲ್ಲಿ ಸೂರ್ಯ ಮೂಡುವುದೇ ಸುಮಾರು ಏಳಕ್ಕೆ, ಜೂನಿನಲ್ಲಿ ಆರಕ್ಕೆ. ಮೂಡಿದ ಅರ್ಧ ಗಂಟೆಯೊಳಗೆ ಹೊಲದಲ್ಲಿರಿ, ಹತ್ತಕ್ಕೆ ನೆರಳು ಸೇರಿ. ನೋಡುತ್ತ ನಡೆಯುವವರಿಗೆ ಗಂಟೆಗೆ ಎರಡು ಕಿಲೋಮೀಟರ್ ಆದರೆ ಬಹಳ. ಮೊದಲ ಸಲ ಐದಾರು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಹೆಜ್ಜೆ 4: ಮೈಮೇಲೆ ಏನು, ಚೀಲದಲ್ಲಿ ಏನು

ಮುಚ್ಚಿದ ಬೂಟು, ಪೂರ್ಣ ಪ್ಯಾಂಟು, ಪೂರ್ಣ ತೋಳಿನ ಮಾಸಲು ಬಣ್ಣದ ಅಂಗಿ. ಬಿಳಿ ಅಂಗಿ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಹೊಲದ ದಾರಿಯ ನೆಗ್ಗಿಲು ಮುಳ್ಳು ತೆಳು ಚಪ್ಪಲಿಯನ್ನು ತೂರಿ ಬರುತ್ತದೆ. ಉತ್ತರಾಣಿಯ ಕಾಳು ಬಟ್ಟೆಗೆ ಅಂಟಿದರೆ ಕೀಳಲು ಅರ್ಧ ದಿನ ಬೇಕು. ಒಂದೂವರೆ ಲೀಟರ್ ನೀರು, ಕೈಗೊಂದು ಕೋಲು, ಸಣ್ಣ ನೋಟ್‌ಬುಕ್ಕು. ಬುತ್ತಿಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಳ್ಳಿ. ಕೆಡುವುದಿಲ್ಲ, ಪ್ಲಾಸ್ಟಿಕ್ ಬೇಕಿಲ್ಲ, ಹೊಲದಲ್ಲಿ ಸಿಕ್ಕವರ ಜೊತೆ ಹಂಚಿಕೊಂಡು ತಿನ್ನಲೂ ಆಗುತ್ತದೆ.

ಹೆಜ್ಜೆ 5: ಹೊಲದೊಳಗೆ ಹೆಜ್ಜೆ ಇಡುವ ಬಗೆ

ಒಂದು ಅಕ್ಟೋಬರಿನಲ್ಲಿ ಹರಗಿಟ್ಟ ಖಾಲಿ ಹೊಲವೆಂದು ತಿಳಿದು ಅಡ್ಡ ಹಾಯ್ದು ಹೊರಟಿದ್ದೆ. ಬದುವಿನ ಮೇಲೆ ಬುತ್ತಿ ಇಳಿಸುತ್ತಿದ್ದ ಅಜ್ಜಿಯೊಬ್ಬಳು ಅಲ್ಲಿಂದಲೇ ಕೂಗಿದಳು: "ಯಪ್ಪಾ, ಅಲ್ಲಿ ಕಡ್ಲಿ ಬಿತ್ತೇವಿ, ಬದು ಹಿಡದ ಬಾ!" ಬೈಗುಳವಿರಲಿಲ್ಲ. ಆದರೂ ನನ್ನ ಹೆಜ್ಜೆಗಳು ಆ ಮೆತ್ತನೆಯ ಮಣ್ಣಿನಲ್ಲಿ ಸಾಲಾಗಿ ಅಚ್ಚೊತ್ತಿದ್ದನ್ನು ತಿರುಗಿ ನೋಡಿದಾಗ ನಾಚಿಕೆಯಾಯಿತು. ಹಸಿ ಎರಿಯನ್ನು ತುಳಿದರೆ ಮೇಲಿನ ಮಣ್ಣು ಗಟ್ಟಿಯಾಗುತ್ತದೆ, ಕೆಳಗಿನ ಮೊಳಕೆ ಅದನ್ನು ಒಡೆದು ಬರಲಾರದು. ಹಿಂಗಾರಿಗೆ ಎರಡನೇ ಬಿತ್ತನೆಗೆ ಅವಕಾಶ ಕಡಿಮೆ, ನೆಲದ ಹಸಿ ಆರಿಹೋಗುತ್ತದೆ. ಅಂದಿನಿಂದ ನನ್ನ ನಿಯಮ ಒಂದೇ: ಖಾಲಿ ಕಂಡ ಹೊಲವನ್ನೂ ಬಿತ್ತಿದ ಹೊಲವೆಂದೇ ತಿಳಿಯುವುದು.

ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬದುವಿನ ಕಲ್ಲು ಕದಲಿಸಬೇಡಿ. ಅದು ಗಡಿಯ ಕಲ್ಲಾಗಿರಬಹುದು, ಅದೊಂದರಿಂದ ಅಣ್ಣ ತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟೀತು. ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು ಕಂಡರೆ ಅವು ಪಾಂಡವರು. ಚರಗ (ಹೊಲಕ್ಕೆ ಎರಚುವ ನೈವೇದ್ಯ) ಚೆಲ್ಲುವ ದಿನ ಪೂಜೆಯಾದ ಜಾಗವದು, ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲುವುದು ವಾಡಿಕೆ.

ಮನುಷ್ಯರು ಕಂಡರೆ ನೀವೇ ಮೊದಲು ಮಾತಾಡಿ. ಸುಮ್ಮನೆ ಫೋನು ಎತ್ತಿ ಫೋಟೋ ಹೊಡೆಯುತ್ತ ನಿಂತರೆ ಜಮೀನು ನೋಡಲು ಬಂದ ದಲ್ಲಾಳಿ ಎಂದುಕೊಳ್ಳುತ್ತಾರೆ, ಅದು ಅವರ ತಪ್ಪಲ್ಲ. "ನಮಸ್ಕಾರ್ರಿ ಕಾಕಾರ, ಈ ಬದುವಿನ ಮ್ಯಾಲೆ ಹಾಸಿ ಹಳ್ಳಕ್ಕ ಹೋಗಬಹುದೇನ್ರಿ?" ಎಂದು ಕೇಳಿದರೆ ಬೇಡವೆಂದವರನ್ನು ನಾನು ಕಂಡಿಲ್ಲ. "ಹೋಗ್ರಿ, ಆದ್ರ ಆ ಕಡೆ ತಂತಿ ಹಚ್ಚೇವಿ, ಮುಟ್ಟಬ್ಯಾಡ್ರಿ" ಎಂಬಂಥ ಮಾತೂ ಜೊತೆಗೆ ಬರುತ್ತದೆ. ಕಾಡುಹಂದಿಗೆ ಹಾಕಿದ ಬೇಲಿ ಸೋಲಾರಿನದ್ದೋ, ಯಾರೋ ನಿಯಮ ಮುರಿದು ನೇರ ಕರೆಂಟು ಕೊಟ್ಟದ್ದೋ ನೋಟಕ್ಕೆ ಗೊತ್ತಾಗುವುದಿಲ್ಲ. ಯಾವ ತಂತಿಯನ್ನೂ ಮುಟ್ಟಬೇಡಿ, ದಾಟಬೇಡಿ.

ಕೇಳಿ ತಿಳಿದುಕೊಳ್ಳುವುದೂ ಬಹಳ ಇದೆ. ಜೋಳದ ಹೊಲದ ಸುತ್ತ ಕುಸುಬಿ ಯಾಕೆ ಹಾಕಿದ್ದಾರೆ? ಅದರ ಎಲೆ ಮುಳ್ಳು, ದನ ಒಳಗೆ ಬಾಯಿ ಹಾಕುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಜನವರಿಯಲ್ಲಿ ಜೋಳ ಹಾಲುಗಾಳಾಗಿದ್ದಾಗ ಹೋದರೆ ಸೀತನಿ ಸುಟ್ಟು ಕೈಗೆ ಕೊಟ್ಟಾರು, ಬೇಡ ಎನ್ನಬೇಡಿ. ಆದರೆ ಕೊಡದೆ ಇರುವುದನ್ನು ಕೀಳಬೇಡಿ. ಕೆಲಗೇರಿ ಸುತ್ತಿನ ಆಪೂಸ ಇರಲಿ, ನವಲೂರಿನ ಪೇರಲ ಇರಲಿ, ನೆಲಕ್ಕೆ ಬಿದ್ದದ್ದೂ ತೋಟದವನದೇ. ಹತ್ತಿ, ಸೋಯಾ ಹೊಲದಲ್ಲಿ ಔಷಧ ಹೊಡೆಯುತ್ತಿದ್ದರೆ ಗಾಳಿ ಬೀಸುವ ಕಡೆ ನಿಲ್ಲದೆ ಬೇಗ ದಾಟಿ.

ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಕುರಿ ತರುಬಿರುತ್ತಾರೆ. ಹಿಕ್ಕೆ ಗೊಬ್ಬರಕ್ಕಾಗಿ ಹೊಲದವನು ಕುರಿಗಾರರನ್ನು ಕರೆಸಿ ರಾತ್ರಿ ಹಿಂಡು ನಿಲ್ಲಿಸಿಕೊಳ್ಳುತ್ತಾನೆ. ಆ ನಾಯಿಗಳು ತೋಳವನ್ನೇ ಅಟ್ಟುವಂಥವು. ದೂರದಲ್ಲೇ ನಿಂತು ಕುರಿಗಾರನನ್ನು ಕೂಗಿ, ಅವನು ನಾಯಿಗೆ ಹೇಳಿದ ಮೇಲೆ ಮುಂದೆ ಬನ್ನಿ. ಓಡಿದರೆ ಕೆಟ್ಟಿರಿ.

ಹೆಜ್ಜೆ 6: ಇದು ಅಡವಿಯೋ, ನೆಡುತೋಪೋ?

ಹಸಿರೆಲ್ಲ ಅಡವಿಯಲ್ಲ. ಇದನ್ನು ಗುರುತಿಸಲು ಕಲಿತ ಮೇಲೆ ನನ್ನ ನಡಿಗೆಯೇ ಬದಲಾಯಿತು.

ಮೊದಲು ಸಾಲು ನೋಡಿ. ಮರಗಳ ನಡುವೆ ನಿಂತು ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ಕೋನದಲ್ಲಿ ಮರಗಳೆಲ್ಲ ಸೈನಿಕರ ಹಾಗೆ ಸಾಲಾಗಿ ನಿಂತರೆ ಅದು ನೆಟ್ಟದ್ದು. ನೀಲಗಿರಿ, ಅಕೇಸಿಯಾ ತೋಪು ಬೇಗ ಗೊತ್ತಾಗುತ್ತದೆ. ತೇಗದಲ್ಲಿ ಮೋಸವಾಗುವುದುಂಟು: ತೇಗ ಈ ಅಡವಿಯ ಮರವೇ, ಆದರೆ ಎಷ್ಟೋ ಕಡೆ ಇರುವುದು ಸಾಲು ಹಿಡಿದು ನೆಟ್ಟ ತೇಗ. ಎಳೆಯ ತೇಗದೆಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪು ಬಣ್ಣ ಹತ್ತುತ್ತದೆ. ಮಕ್ಕಳಿಗೆ ಇದೊಂದನ್ನು ತೋರಿಸಿದರೆ ಆ ಮರವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲೆ ನೆಲ ನೋಡಿ. ನಾಡ ಅಡವಿಯ ನೆಲದಲ್ಲಿ ಹತ್ತು ಬಗೆಯ ತರಗೆಲೆ, ಬೇರೆ ಬೇರೆ ವಯಸ್ಸಿನ ಸಸಿ, ಹುತ್ತ, ಬಳ್ಳಿ, ಬಿದ್ದು ಕೊಳೆಯುತ್ತಿರುವ ಕೊಂಬೆ ಇರುತ್ತವೆ. ಅಜ್ಜ, ಅಪ್ಪ, ಮಗ, ಮೊಮ್ಮಗ ಎಲ್ಲರೂ ಒಂದೇ ಮನೆಯಲ್ಲಿದ್ದ ಹಾಗೆ. ತೋಪಿನಲ್ಲಿ ಎಲ್ಲ ಒಂದೇ ವಯಸ್ಸು, ಕೆಳಗೆ ಒಂದೇ ಬಗೆಯ ಎಲೆ.

ಮೂರನೆಯದಾಗಿ ಐದು ಮರ ಕಲಿಯಿರಿ, ಹೆಚ್ಚು ಬೇಡ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. ಎಲೆ ತಿರುಗಿಸಿದರೆ ಬುಡದ ಹತ್ತಿರ ನಡುನರದ ಬಳಿ ಎರಡು ಗಂಟು ಕಾಣುತ್ತವೆ. ದಿಂಡಿಗದ್ದು ನುಣುಪಾದ ಬೂದು ಬಿಳಿ ಮೈ, ಬೇಸಿಗೆಗೆ ಮೊದಲು ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹೊನ್ನೆಗೆ ಗಾಯವಾದಲ್ಲಿ ರಕ್ತದಂಥ ಕೆಂಪು ಅಂಟು ಒಸರಿ ಗಟ್ಟಿಯಾಗಿರುತ್ತದೆ. ಹಳೆಯ ಗಾಯದಲ್ಲಿ ನೋಡಿ, ಪರೀಕ್ಷೆಗೆಂದು ಹೊಸದಾಗಿ ಕೊಚ್ಚಬೇಡಿ. ಮುತ್ತಲಕ್ಕೆ ಒಂದು ತೊಟ್ಟಿಗೆ ಮೂರೇ ಎಲೆ, ಪತ್ರಾವಳಿ ಹಚ್ಚುವ ಎಲೆ. ಬೂರುಗದ ಎಳೆ ಮರದ ಮೈಯೆಲ್ಲ ಮುಳ್ಳು. ಈ ಐದರಲ್ಲಿ ಮೂರು ಒಂದೇ ಕಡೆ ಸಿಕ್ಕು, ಕೆಳಗೆ ಅವುಗಳದ್ದೇ ಸಸಿಗಳು ಇದ್ದರೆ ನೀವು ನಿಂತದ್ದು ನಾಡ ಅಡವಿಯಲ್ಲಿ.

ಕೊನೆಯದಾಗಿ ಅಂಚನ್ನು ನೋಡಿ. ದಾರಿಯ ಪಕ್ಕದಲ್ಲಿ ಲಂಟಾನಾ ಗೋಡೆ ಕಟ್ಟಿರುತ್ತದೆ, ಅದರ ಮುಂದೆ ಕಾಂಗ್ರೆಸ್ ಕಸ. ಇವೆರಡೂ ಹೊರನಾಡಿನಿಂದ ಬಂದವು. ದನ ಹೆಚ್ಚು ಮೇದು, ಬೆಂಕಿ ಬಿದ್ದು, ನೆಲ ಬರಿದಾದಲ್ಲಿ ಮೊದಲು ನುಗ್ಗುವುದು ಇವೇ. ಲಂಟಾನಾದ ಗೋಡೆ ದಪ್ಪವಾಗುತ್ತ ಹೋದರೆ ಅಡವಿ ಹಿಂದೆ ಸರಿಯುತ್ತಿದೆ ಎಂದೇ ಅರ್ಥ. ನನ್ನ ದಾರಿಯಲ್ಲಿ ಒಂದು ಮತ್ತಿಯ ಬುಡದಿಂದ ಲಂಟಾನಾ ಎಷ್ಟು ಹೆಜ್ಜೆ ದೂರವಿದೆ ಎಂದು ಪ್ರತಿ ವರ್ಷ ಎಣಿಸಿ ಬರೆದಿಡುತ್ತೇನೆ. ಆ ಲೆಕ್ಕ ನನಗೆ ನೋವು ಕೊಡುತ್ತದೆ, ಆದರೂ ಬಿಟ್ಟಿಲ್ಲ.

ಹಕ್ಕಿಗಳನ್ನು ಹುಡುಕಿಕೊಂಡು ಹೋಗಬೇಡಿ. ಅಂಚಿನ ಮರದ ಕೆಳಗೆ ಇಪ್ಪತ್ತು ನಿಮಿಷ ಅಲುಗಾಡದೆ ಕೂಡಿ. ಕುಟ್ರುಹಕ್ಕಿ ಒಂದೇ ಸಮ ಕೂಗುತ್ತದೆ, ಪೊದೆಯಿಂದ ಕೆಂಬೂತ ಇಳಿದು ಬರುತ್ತದೆ, ಹೊಲದ ಕಂಬದ ಮೇಲೆ ಕಾಜಾಣ, ಚಳಿಗಾಲವಾದರೆ ನೀಲಕಂಠ. ನವಿಲಂತೂ ಇದ್ದೇ ಇರುತ್ತದೆ.

ಹೆಜ್ಜೆ 7: ಅಪಾಯಗಳು

ಹಾವಿಗೆ ಹೆದರಿ ಮನೆಯಲ್ಲಿ ಕೂಡಬೇಕಿಲ್ಲ, ಆದರೆ ಕೈಯಿಡುವ ಕಡೆ, ಕಾಲಿಡುವ ಕಡೆ ನೋಡಬೇಕು. ಕೊಳಕುಮಂಡಲ ತರಗೆಲೆಯಲ್ಲಿ ಮಲಗಿದರೆ ಕಾಣುವುದೇ ಇಲ್ಲ. ಕೋಲಿನಿಂದ ನೆಲ ಬಡಿಯುತ್ತ ನಡೆಯಿರಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ನೇರ ಹೋಗಿ. ಮಂತ್ರ, ನಾಟಿ ಮದ್ದು ಎಂದು ಒಂದು ನಿಮಿಷವನ್ನೂ ಕಳೆಯಬೇಡಿ.

ನಸಗುನ್ನಿ ಕಾಯಿಯ ಕಂದು ರೋಮ ಗಾಳಿಗೇ ಹಾರಿ ಮೈಗೆ ತಾಗುತ್ತದೆ, ಕೆರೆದಷ್ಟೂ ಉರಿ. ಚಳಿಗಾಲದಲ್ಲಿ ಬಳ್ಳಿಯ ಮೇಲೆ ವೆಲ್ವೆಟ್ಟಿನಂಥ ಕಾಯಿ ಕಂಡರೆ ದೂರ ಸರಿಯಿರಿ. ಕೇರು ಮರದ ಸೊನೆ ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ; ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ.

ಭತ್ತ, ಕಬ್ಬು ಬಲಿಯುವ ಹೊತ್ತಿಗೆ ಕಲಘಟಗಿ ಕಡೆ ಆನೆ ಇಳಿಯುವುದುಂಟು. ಚಿರತೆಯಂತೂ 2021ರಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರವೇ ಕಾಣಿಸಿಕೊಂಡಿತ್ತು. ಹೊರಡುವ ಮುನ್ನ ಊರ ಚಾದಂಗಡಿಯಲ್ಲಿ ಒಂದು ಮಾತು ಕೇಳಿ. ಅಲ್ಲಿಗಿಂತ ತಾಜಾ ಸುದ್ದಿ ಬೇರೆಲ್ಲೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ.

ಗದಗ, ಹಾವೇರಿಯವರು ಇದನ್ನೇ ಮಾಡಬೇಕಾದರೆ

ಗದಗದವರಿಗೆ ಕಪ್ಪತಗುಡ್ಡವಿದೆ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ್ದರಿಂದ ಮೇಲೆ ಹತ್ತಲು ಇಲಾಖೆಯನ್ನು ಕೇಳಿ. ಡಂಬಳ, ಡೋಣಿ ಕಡೆಯ ಬುಡದ ಹೊಲಗಳಿಂದ ಗುಡ್ಡ ನೋಡುತ್ತ ನಡೆಯುವುದೇ ಒಂದು ದಿನದ ಕೆಲಸ. ಅಲ್ಲಿ ಎತ್ತರದ ಮರ ಹುಡುಕಬೇಡಿ. ಕುರುಚಲು, ಹುಲ್ಲು, ಔಷಧಿ ಗಿಡ ಅದರ ಸಂಪತ್ತು. ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಸುತ್ತಲ ಕಡ್ಲಿ, ಶೇಂಗಾ ಹೊಲಗಳಲ್ಲಿ ಮೇಯುತ್ತವೆ. ಅವನ್ನು ಸಹಿಸಿಕೊಂಡ ರೈತರನ್ನೂ ಮಾತಾಡಿಸಿ ಬನ್ನಿ.

ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, ಸುಮಾರು 119 ಚದರ ಕಿಲೋಮೀಟರ್. ಅಲ್ಲಿಯ ನಾಡ ಸಂಪತ್ತು ಮರವಲ್ಲ, ಹುಲ್ಲುಗಾವಲು. ಬಯಲಿನಲ್ಲಿ ನೀಲಗಿರಿ ನೆಟ್ಟದ್ದನ್ನು ಅಲ್ಲಿ ನಿಂತು ನೋಡಿದರೆ, ಮರ ಹಚ್ಚಿದ ಮಾತ್ರಕ್ಕೆ ಅಡವಿಯಾಗುವುದಿಲ್ಲ ಎಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಮೊಣಕಾಲ ಹಿಂದೆ, ಸೊಂಟ, ಕಂಕುಳಲ್ಲಿ ಉಣ್ಣೆ ಇದೆಯೇ ನೋಡಿ ಸ್ನಾನ ಮಾಡಿ. ಆಮೇಲೆ ಊಟಕ್ಕೆ ಕೂಡುವ ಮೊದಲೇ ನಾಲ್ಕು ಸಾಲು ಬರೆಯಿರಿ: ಯಾವ ಮಳೆ ನಕ್ಷತ್ರ, ಹೊಲದಲ್ಲಿ ಏನು ಕೆಲಸ ನಡೆದಿತ್ತು, ಯಾವ ಮರ ಚಿಗುರಿತ್ತು ಅಥವಾ ಹೂಬಿಟ್ಟಿತ್ತು, ಯಾರು ಸಿಕ್ಕು ಏನು ಹೇಳಿದರು.

ಮುಂದಿನ ಸಲ ಹೊಸ ದಾರಿ ಹುಡುಕಬೇಡಿ. ಅದೇ ಬದು, ಅದೇ ಹಳ್ಳ, ಅದೇ ಮತ್ತಿಯ ಬುಡ. ಒಂದು ವರ್ಷ ತಪ್ಪದೆ ಹೋದರೆ ಇಪ್ಪತ್ತಕ್ಕೂ ಹೆಚ್ಚು ಬೆಳಗುಗಳಾಗುತ್ತವೆ. ನನಗೆ ಆ ದಾರಿ ಪರಿಚಯವಾದದ್ದು ಎರಡನೇ ವರ್ಷದಲ್ಲಿ. ಕಡ್ಲಿ ಹೊಲದ ಆ ಅಜ್ಜಿ ಈಗ ದೂರದಿಂದಲೇ ಕೈ ಮಾಡುತ್ತಾಳೆ, ಈ ಸಲ ಎಲ್ಲಿ ಬಿತ್ತಿದೆ ಎಂದು ನಾನು ಕೇಳುವ ಮೊದಲೇ ಹೇಳುತ್ತಾಳೆ.